ವಾಂತಿ ಗುಳಿಗೆ: ಚಾರ್ಮಾಡಿಯಿಂದ ಲಕ್ಷದ್ವೀಪದವರೆಗೆ

ನಾನು ಮೂಡಿಗೆರೆ ಕಡೆಯವಳು. ನಮ್ಮ ತೋಟದಿಂದ ಅರ್ಧ ಗಂಟೆ ಹೋದರೆ ಕೊಟ್ಟಿಗೆಹಾರ. ಅಲ್ಲಿಂದ ಮುಂದೆ ಚಾರ್ಮಾಡಿ ಘಾಟಿ. ನನಗೀಗ 54 ವರ್ಷ. ಈ ಘಾಟಿಯನ್ನು ವಾಂತಿ ಮಾಡದೆ ಇಳಿದ ನೆನಪು ನನಗಿರಲಿಲ್ಲ. ಚಿಕ್ಕಂದಿನಲ್ಲಿ ಧರ್ಮಸ್ಥಳಕ್ಕೆ ಹೊರಟರೆ ಅಮ್ಮ ಒಂದು ನಿಂಬೆಹಣ್ಣು ಕೈಗೆ ಕೊಟ್ಟು ಕಿಟಕಿ ಪಕ್ಕ ಕೂರಿಸುತ್ತಿದ್ದರು. ಸೋದರತ್ತೆ ಹೊಟ್ಟೆಗೆ ನ್ಯೂಸ್ ಪೇಪರ್ ಕಟ್ಟಿಕೊಳ್ಳುತ್ತಿದ್ದರು, ನನಗೂ ಕಟ್ಟುತ್ತಿದ್ದರು. ಯಾವುದೂ ನನಗೆ ಆಗಿ ಬರಲಿಲ್ಲ.

ಅಂಥ ನನಗೆ ಮಗಳು ಕಳೆದ ಅಕ್ಟೋಬರಿನಲ್ಲಿ ಹಡಗಿನ ಟಿಕೆಟ್ ಬುಕ್ ಮಾಡಿದಳು. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ, ಐದು ದಿನದ ಪ್ರವಾಸ, ಜನವರಿಯಲ್ಲಿ. ಬೇಡ ಅನ್ನಬೇಕು ಅಂತ ಬಾಯಿಗೆ ಬಂದಿತ್ತು. ಆದರೆ ಕಡಲನ್ನು ದಡದಿಂದ ನೋಡಿ ನೋಡಿ ಸಾಕಾಗಿತ್ತು. ಒಮ್ಮೆ ಒಳಗೆ ಹೋಗಬೇಕು ಅನ್ನುವ ಆಸೆ ಬಹಳ ದಿನದ್ದು.

ಕೈಯಲ್ಲಿ ಮೂರು ತಿಂಗಳಿತ್ತು. ಆ ಮೂರು ತಿಂಗಳಲ್ಲಿ ಎರಡು ಬಗೆಯ ಗುಳಿಗೆ, ಒಂದು ಮಣಿಕಟ್ಟಿನ ಪಟ್ಟಿ ಮತ್ತು ನಮ್ಮದೇ ಶುಂಠಿಯನ್ನು ನಾನು ಪರೀಕ್ಷೆ ಮಾಡಿದೆ. ಪರೀಕ್ಷೆಗೆ ಚಾರ್ಮಾಡಿಗಿಂತ ಒಳ್ಳೆಯ ಜಾಗ ಎಲ್ಲಿದೆ? ನನ್ನ ತಂಗಿ ಉಜಿರೆಯಲ್ಲಿದ್ದಾಳೆ. ಅವಳ ಮನೆಗೆ ಮೂರು ಸಲ ಹೋಗಿ ಬಂದೆ. ಹಡಗಿನಲ್ಲಿ ಆದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಗಾಡಿ ಆಗದವರು ನಮ್ಮ ಕಡೆ ಜಾಸ್ತಿ ಇದ್ದಾರೆ, ಅವರಿಗಾಗಿ.

ಮೊದಲು ಮೆಡಿಕಲ್ ಶಾಪಿನ ವಿಷಯ. ಅಂಗಡಿಯ ಹುಡುಗ ಸುಮ್ನೆ ಗುಳಿಗೆ ಕತ್ತರಿಸಿ ಕೊಡಲಿಲ್ಲ. ಬಿಪಿ ಇದೆಯಾ, ಕಣ್ಣಿನ ಪ್ರೆಶರ್ ಇದೆಯಾ, ನಿದ್ದೆ ಗುಳಿಗೆ ತಗೊಳ್ತೀರಾ, ಯಾರ್‍ಯಾರು ಹೋಗ್ತೀರಿ ಅಂತ ಒಂದೊಂದಾಗಿ ಕೇಳಿದ. ನಮ್ಮ ಯಜಮಾನರಿಗೆ ಕಣ್ಣಿನ ಪ್ರೆಶರ್ ಇದೆ, ಅಂದರೆ ಗ್ಲಾಕೋಮ. ಹಾಗಿದ್ದರೆ ಡಾಕ್ಟರನ್ನು ಕೇಳದೆ ಅವರಿಗೆ ಕೊಡಲೇಬೇಡಿ ಅಂದ. ಆ ಒಂದು ಮಾತಿಗೆ ನಾನು ಅವನಿಗೆ ಪೂರ್ತಿ ಅಂಕ ಕೊಡುತ್ತೇನೆ. ಮರುದಿನವೇ ಇಬ್ಬರೂ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಕಿವಿಯ ಒಳಗೆ ಅರ್ಧ ಬಳೆಯ ಆಕಾರದ ಮೂರು ಕೊಳವೆಗಳಿವೆ. ಅವುಗಳಲ್ಲಿ ನೀರಿನಂಥ ದ್ರವ. ತಲೆ ತಿರುಗಿದ ಹಾಗೆ ಅದು ಅಲುಗಿ, ನೀನು ತಿರುಗುತ್ತಿದ್ದೀಯ ಅಂತ ಮೆದುಳಿಗೆ ಹೇಳುತ್ತದೆ. ಹಡಗಿನ ಕೋಣೆಯಲ್ಲಿ ಕೂತರೆ ಕಣ್ಣಿಗೆ ಕಾಣುವುದು ಅಲುಗದ ಗೋಡೆ. ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು ಹೇಳುತ್ತದೆ. ಈ ಜಗಳದಿಂದಲೇ ತಣ್ಣಗಿನ ಬೆವರು, ಬಾಯಲ್ಲಿ ನೀರು, ಹೊಟ್ಟೆ ತೊಳಸು, ಆಮೇಲೆ ವಾಂತಿ. ಗಾಡಿ ಓಡಿಸುವವರಿಗೆ ವಾಂತಿ ಬರುವುದು ಅಪರೂಪ, ಯಾಕೆಂದರೆ ತಿರುವು ಬರುವುದು ಅವರಿಗೆ ಮೊದಲೇ ಗೊತ್ತಿರುತ್ತದೆ. ನನ್ನ ಹೊಟ್ಟೆಯೇ ಸರಿಯಿಲ್ಲ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಹೊಟ್ಟೆಯದೇನೂ ತಪ್ಪಿಲ್ಲ ಅಂತ ಗೊತ್ತಾಗಿ ಎಷ್ಟೋ ಸಮಾಧಾನವಾಯಿತು.

ಮೊದಲ ಗುಳಿಗೆ ಪ್ರೊಮೆಥಜಿನ್, 25 ಮಿಲಿಗ್ರಾಂ. ವಾಂತಿ ಮಾತ್ರೆ ಕೊಡಿ ಅಂದರೆ ನಮ್ಮ ಕಡೆ ಹೆಚ್ಚಾಗಿ ಕೊಡುವುದು ಇದನ್ನೇ. ಹೊರಡುವ ಒಂದೂವರೆ ಗಂಟೆ ಮೊದಲು ತಗೊಂಡೆ. ಘಾಟಿಯ ಅರ್ಧ ದಾರಿಯಲ್ಲಿ ಕಣ್ಣು ಮುಚ್ಚಿತು. ಎಚ್ಚರವಾದಾಗ ಗಾಡಿ ಉಜಿರೆ ಪೇಟೆಯಲ್ಲಿತ್ತು. ವಾಂತಿ ಇಲ್ಲ, ತೊಳಸೂ ಇಲ್ಲ. 54 ವರ್ಷದಲ್ಲಿ ಮೊದಲ ಸಲ! ತಂಗಿಯ ಮನೆ ಬಾಗಿಲಲ್ಲಿ ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಸಂಜೆವರೆಗೂ ತೂಕಡಿಕೆ ಬಿಡಲಿಲ್ಲ. ಬಾಯಿ ಒಣಗಿ ನಾಲಿಗೆ ಅಂಟಿದ ಹಾಗಿತ್ತು. ಊಟ ಮಾಡಿ ಮತ್ತೆ ಮಲಗಿಬಿಟ್ಟೆ, ತಂಗಿಯ ಜೊತೆ ನಾಲ್ಕು ಮಾತೂ ಆಡಲಿಲ್ಲ. ಇದನ್ನು ತಗೊಂಡವರು ಗಾಡಿ ಓಡಿಸಲೇಬಾರದು, ಮದ್ಯವನ್ನಂತೂ ಮುಟ್ಟಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಇದನ್ನು ಜೋರಾಗಿ ಹೇಳುತ್ತಿದ್ದೇನೆ, ಏಕೆಂದರೆ ಬಸ್ಸಿನಲ್ಲಿ ತಾಯಂದಿರು ಗುಳಿಗೆ ಮುರಿದು ಕೂಸಿನ ಬಾಯಿಗೆ ಹಾಕುವುದನ್ನು ನಾನೇ ನೋಡಿದ್ದೇನೆ.

ಎರಡನೆಯದು ಸಿನ್ನರಿಜಿನ್, ಅದೂ 25 ಮಿಲಿಗ್ರಾಂ. ಎರಡು ಗಂಟೆ ಮೊದಲೇ ತಗೊಳ್ಳಬೇಕು ಅಂದಿದ್ದರು, ಹಾಗೇ ಮಾಡಿದೆ. ಘಾಟಿಯಲ್ಲಿ ಎರಡು ಕಡೆ ತಿರುವು ಒತ್ತೊತ್ತಾಗಿ ಬಂದಾಗ ಸ್ವಲ್ಪ ತೊಳಸಿತು, ಆದರೆ ಮೇಲೆ ಬರಲಿಲ್ಲ. ನಿದ್ದೆ ಬರುವ ಹಾಗಿತ್ತು, ಆದರೂ ಎಚ್ಚರವಾಗಿಯೇ ಇದ್ದೆ. ಚಾರ್ಮಾಡಿಯ ಕಾಡನ್ನು, ಬಂಡೆ ಮೇಲಿಂದ ಬೀಳುವ ನೀರನ್ನು ಕಣ್ಣು ಬಿಟ್ಟು ನೋಡುತ್ತಾ ಇಳಿದದ್ದು ಅದೇ ಮೊದಲು. ಮನೆ ಪಕ್ಕದ ಘಾಟಿ, ಇಷ್ಟು ಚೆಂದ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಇರುವವರಿಗೆ ಇದು ಒಳ್ಳೆಯದಲ್ಲ, ತಿಂಗಳುಗಟ್ಟಲೆ ನುಂಗುವ ಗುಳಿಗೆಯೂ ಇದಲ್ಲ ಅಂತ ಡಾಕ್ಟರು ಎಚ್ಚರಿಸಿದ್ದಾರೆ.

ಮಣಿಕಟ್ಟಿನ ಪಟ್ಟಿಯನ್ನು ಮಗಳು ಆನ್‌ಲೈನಿನಲ್ಲಿ ತರಿಸಿದಳು. ಎಲಾಸ್ಟಿಕ್ ಪಟ್ಟಿ, ಒಳಗೆ ಒಂದು ಪ್ಲಾಸ್ಟಿಕ್ ಗುಂಡಿ. ಕೈಯ ಒಳಬದಿಯಲ್ಲಿ, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ದೂರದಲ್ಲಿ, ಹುರಿಯಂಥ ಎರಡು ಸ್ನಾಯುರಜ್ಜುಗಳ ನಡುವೆ ಆ ಗುಂಡಿ ಒತ್ತಬೇಕು. ಮೂರನೇ ಸಲ ಇದೊಂದನ್ನೇ ಕಟ್ಟಿಕೊಂಡು ಹೊರಟೆ. ಘಾಟಿಯ ಮೂರನೇ ತಿರುವಿಗೆ ಗಾಡಿ ನಿಲ್ಲಿಸಬೇಕಾಯಿತು. ವಾಪಸ್ ಬರುವಾಗ ಸರಿಯಾದ ಜಾಗ ನೋಡಿ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂತೆ, ವಾಂತಿ ಆಗಲಿಲ್ಲ. ಆದರೆ ಅದು ಪಟ್ಟಿಯಿಂದಲೋ, ಮುಂದಿನ ಸೀಟಿನಿಂದಲೋ? ನನಗೆ ಸೀಟಿನ ಮೇಲೆಯೇ ನಂಬಿಕೆ. ಪಟ್ಟಿ ಬಿಗಿಯಾಗಿ ಕೈ ಮೇಲೆ ಕೆಂಪು ಗುರುತು ಬಿತ್ತು. ಗುಳಿಗೆ ತಗೊಳ್ಳಲಾಗದ ನಮ್ಮ ಯಜಮಾನರಿಗೆ ಅದನ್ನು ಕೊಟ್ಟೆ. ಅವರಿಗೆ ವಾಂತಿಯೇ ಬರುವುದಿಲ್ಲ, ಆದ್ದರಿಂದ ಪಟ್ಟಿಯ ಬಗ್ಗೆ ಇನ್ನು ಹೆಚ್ಚು ಹೇಳಲಾರೆ.

ಶುಂಠಿ ನಮ್ಮ ಗದ್ದೆಯದು. ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ, ಬೆಲ್ಲದ ಪಾಕದಲ್ಲಿ ಬೇಯಿಸಿ ಒಣಗಿಸಿದ ತುಂಡುಗಳು. ಒಂದು ಡಬ್ಬಿ ತುಂಬ ಮಾಡಿಕೊಂಡೆ. ಇದರಿಂದ ನಿದ್ದೆ ಬರುವುದಿಲ್ಲ, ಬಾಯಿ ಒಣಗುವುದಿಲ್ಲ. ತೊಳಸು ಶುರುವಾಗುವ ಹೊತ್ತಿಗೆ ಒಂದು ತುಂಡು ಬಾಯಲ್ಲಿಟ್ಟರೆ ಅದು ಅಲ್ಲಿಗೇ ನಿಲ್ಲುವುದುಂಟು. ಜೋರು ತಿರುವಿಗೆ ಇದೊಂದೇ ಸಾಲದು. ರಕ್ತ ತೆಳುವಾಗಲು ಗುಳಿಗೆ ತಗೊಳ್ಳುವವರು ಶುಂಠಿಯನ್ನು ಜಾಸ್ತಿ ತಿನ್ನುವ ಮೊದಲು ಕೇಳಿಕೊಳ್ಳಿ.

ಇನ್ನು ಹಡಗು. ಮಂಗಳೂರಿಗೆ ಕಾರು, ಅಲ್ಲಿಂದ ಎರ್ನಾಕುಲಂಗೆ ರೈಲು. ರೈಲಿನಲ್ಲಿ ನನಗೆ ಯಾವ ತೊಂದರೆಯೂ ಇಲ್ಲ. ಮಧ್ಯಾಹ್ನ ಹಡಗು ಹತ್ತಿದೆವು. ಬಂದರಿನ ಒಳಗೆ ನೀರು ಕೆರೆಯ ಹಾಗೆ ನಿಂತಿತ್ತು. ಇಷ್ಟು ದೊಡ್ಡ ಹಡಗು ಎಲ್ಲಿ ಅಲುಗುತ್ತದೆ, ಗುಳಿಗೆ ಯಾಕೆ ಅಂತ ಬ್ಯಾಗಿನಲ್ಲೇ ಬಿಟ್ಟೆ. ಮೂರು ತಿಂಗಳು ಕಲಿತದ್ದನ್ನೆಲ್ಲ ಆ ಒಂದು ಗಳಿಗೆಯಲ್ಲಿ ಮರೆತೆ.

ಬಂದರಿನ ಬಾಯಿ ದಾಟಿ ಒಂದು ಗಂಟೆಯೂ ಆಗಿರಲಿಲ್ಲ. ಘಾಟಿಯಲ್ಲಿ ಗಾಡಿ ಎಡಕ್ಕೆ ಬಲಕ್ಕೆ ಎಳೆಯುತ್ತದೆ. ಕಡಲು ಹಾಗಲ್ಲ. ನಿಧಾನವಾಗಿ ಎತ್ತುತ್ತದೆ, ಒಂದು ಗಳಿಗೆ ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಕಾಲ ಕೆಳಗಿನ ನೆಲ ಜಾರಿಸಿದ ಹಾಗೆ ಇಳಿಸುತ್ತದೆ. ಮತ್ತೆ ಎತ್ತುತ್ತದೆ. ತೊಳಸು ಶುರುವಾದ ಮೇಲೆ ಗುಳಿಗೆ ನುಂಗಿದೆ. ಹತ್ತು ನಿಮಿಷದಲ್ಲಿ ಅದೂ ಹೊರಗೆ ಬಂತು. ಹೊಟ್ಟೆ ಕೆಟ್ಟ ಮೇಲೆ ನುಂಗಿದ ಗುಳಿಗೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ ಅಂತ ಡಾಕ್ಟರು ಹೇಳಿಯೇ ಇದ್ದರು. ಗುಳಿಗೆ ಇರುವುದು ವಾಂತಿ ಬರದ ಹಾಗೆ ತಡೆಯಲು. ಬಂದ ಮೇಲೆ ನಿಲ್ಲಿಸಲು ಅದರಿಂದ ಆಗುವುದಿಲ್ಲ.

ನಮ್ಮ ಕ್ಯಾಬಿನ್ ಹಡಗಿನ ಮೂತಿಯ ಕಡೆ ಇತ್ತು. ಏತದ ತುದಿಯಲ್ಲಿ ಕೂತ ಹಾಗೆ. ಬುಕ್ ಮಾಡುವಾಗ ಕೇಳಬೇಕಾದ ಮಾತು ಇದೊಂದೇ: ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಕೊಡಿ. ಅಲ್ಲಿ ಓಲಾಟ ಕಡಿಮೆ. ಮೇಲಿನ ಅಂತಸ್ತಿನಲ್ಲಿ ಕಿಟಕಿಯ ನೋಟ ಚೆನ್ನಾಗಿರುತ್ತದೆ ಅಂತ ಹೆಚ್ಚು ದುಡ್ಡು ಕೊಟ್ಟರೆ ನಮ್ಮಂಥವರಿಗೆ ಕಷ್ಟವೇ ಸಿಗುವುದು.

ಮಗಳು ನನ್ನನ್ನು ಡೆಕ್ಕಿಗೆ ಕರೆದುಕೊಂಡು ಹೋಗಿ ನಡುವಿನಲ್ಲಿ ಕೂರಿಸಿದಳು. ಬಾನು ನೀರಿಗೆ ಮುಟ್ಟುವ ಗೆರೆಯನ್ನೇ ನೋಡು ಅಮ್ಮ, ಬೇರೆಲ್ಲೂ ನೋಡಬೇಡ ಅಂದಳು. ಗಾಳಿ ಬೀಸುತ್ತಿತ್ತು. ಗೆರೆ ಮೇಲೆ ಕೆಳಗೆ ಹೋಗುವುದು ಕಣ್ಣಿಗೂ ಕಂಡಿತು, ಕಿವಿಗೂ ಗೊತ್ತಾಯಿತು. ಅರ್ಧ ಗಂಟೆ ಹಾಯಾಗಿದ್ದೆ. ಆಮೇಲೆ ಸೂರ್ಯ ಮುಳುಗಿದ. ಕತ್ತಲಲ್ಲಿ ಗೆರೆ ಎಲ್ಲಿ? ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಮತ್ತೆ ಶುರುವಾಯಿತು.

ರಾತ್ರಿ ಎಂಟಕ್ಕೆ ಹಡಗಿನ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಅದೂ ಪ್ರೊಮೆಥಜಿನ್ನೇ, ಸ್ನಾಯುವಿಗೆ ಕೊಡುವಂಥದ್ದು. ಅಂಗಾತ ಮಲಗಿ, ಕಣ್ಣು ಮುಚ್ಚಿ, ತಲೆ ಅಲುಗಿಸಬೇಡಿ ಅಂದರು. ಒಂದೊಂದೇ ಗುಟುಕು ಓಆರ್‌ಎಸ್ ಕುಡಿಸಲು ಮಗಳಿಗೆ ಹೇಳಿದರು. ಅವಳು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಾಳೆ. ಹಾಸಿಗೆ ಪಕ್ಕ ಕೂತು ಡಾರ್ವಿನ್ ಕತೆ ಹೇಳಿದಳು. 1831ರಿಂದ 1836ರವರೆಗೆ ಅವನು ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದ. ಕಡಲಿನಲ್ಲಿದ್ದಾಗಲೆಲ್ಲ ಮತ್ತೆ ಮತ್ತೆ ಅವನಿಗೆ ಇದೇ ಕಾಟ. ಬಿಸ್ಕತ್ತು, ಒಣದ್ರಾಕ್ಷಿ ಬಿಟ್ಟರೆ ಹೊಟ್ಟೆಗೆ ಬೇರೆ ಏನೂ ಸೇರುತ್ತಿರಲಿಲ್ಲವಂತೆ. ಆದರೂ ಅವನು ಅರ್ಧದಲ್ಲಿ ಇಳಿದು ಮನೆಗೆ ಹೋಗಲಿಲ್ಲ. ಅಷ್ಟು ಕೇಳಿದ್ದು ನೆನಪಿದೆ, ಆಮೇಲೆ ನಿದ್ದೆ ಬಂತು.

ಎರಡನೇ ದಿನ ಬೆಳಿಗ್ಗೆ ಎರಡು ಇಡ್ಲಿ, ಚಟ್ನಿ ಇಲ್ಲದೆ. ಖಾಲಿ ಹೊಟ್ಟೆಯೂ ಕೆಟ್ಟದ್ದು, ಎಣ್ಣೆ ತಿಂಡಿಯೂ ಕೆಟ್ಟದ್ದು. ಬೆಳಗಿನ ಕಾಫಿ ಬಿಡುವುದು ನನಗೆ ಕಷ್ಟವಾಯಿತು, ಆದರೂ ಬಿಟ್ಟೆ. ಫೋನ್ ಮುಟ್ಟಲಿಲ್ಲ. ಹಡಗು ದ್ವೀಪದ ಹೊರಗೇ ನಿಂತಿತು. ಹವಳದ ದಿಬ್ಬಗಳ ಒಳಗೆ ಅಷ್ಟು ದೊಡ್ಡ ಹಡಗಿಗೆ ಬೇಕಾದ ಆಳ ಇರುವುದಿಲ್ಲ, ಚಿಕ್ಕ ದೋಣಿಗೆ ಇಳಿಸುತ್ತಾರೆ. ಆ ದೋಣಿ ಹಡಗಿಗಿಂತ ಹತ್ತು ಪಾಲು ಜಾಸ್ತಿ ಕುಣಿಯುತ್ತದೆ. ಎರಡು ಗಂಟೆ ಮೊದಲೇ ಸಿನ್ನರಿಜಿನ್ ತಗೊಂಡಿದ್ದೆ. ಶುಂಠಿ ತುಂಡು ಬಾಯಲ್ಲಿತ್ತು. ಕಣ್ಣು ದಡದ ತೆಂಗಿನ ಮರದ ಮೇಲಿತ್ತು. ವಾಂತಿ ಆಗಲಿಲ್ಲ. ದೋಣಿಯ ಕೆಳಗೆ ನೀರು ಎಷ್ಟು ತಿಳಿಯಾಗಿತ್ತು ಅಂದರೆ ತಳದ ಮರಳು ಕಾಣುತ್ತಿತ್ತು. ನನ್ನ ಡಬ್ಬಿಯ ಶುಂಠಿ ಅದೇ ದೋಣಿಯಲ್ಲಿದ್ದ ಇನ್ನೂ ನಾಲ್ಕು ಜನಕ್ಕೆ ಹೋಯಿತು.

ಆ ದಿನದಿಂದ ರಾತ್ರಿ ಮಲಗುವಾಗ ಒಂದು ಪ್ರೊಮೆಥಜಿನ್ ತಗೊಂಡೆ. ಹೇಗೂ ಮಲಗುವ ಹೊತ್ತು, ನಿದ್ದೆ ಬಂದರೆ ಒಳ್ಳೆಯದೇ ಅಲ್ವಾ? ಬೆಳಿಗ್ಗೆ ಸ್ವಲ್ಪ ಮಂಕು ಇರುತ್ತಿತ್ತು, ಹೊಟ್ಟೆ ಮಾತ್ರ ಗಟ್ಟಿ. ಎರಡು ಗುಳಿಗೆಯನ್ನು ಒಟ್ಟಿಗೆ ನುಂಗಬೇಡಿ ಅಂತ ನಮ್ಮ ಡಾಕ್ಟರು ಹೇಳಿದ್ದರು, ಆದ್ದರಿಂದ ಹಗಲು ಮತ್ತೆ ಸಿನ್ನರಿಜಿನ್ ಮುಟ್ಟಲಿಲ್ಲ. ನಾಲ್ಕನೇ ದಿನಕ್ಕೆ ಗುಳಿಗೆಯೇ ಬೇಕಾಗಲಿಲ್ಲ. ಎರಡು ಮೂರು ದಿನ ಕಳೆದರೆ ಹೆಚ್ಚಿನವರ ಮೈ ಓಲಾಟಕ್ಕೆ ಒಗ್ಗಿಕೊಳ್ಳುತ್ತದೆ. ನಡೆಯುವಾಗ ನನ್ನ ಕಾಲು ತಾನಾಗಿಯೇ ಹಡಗಿನ ತಾಳ ಹಿಡಿಯುತ್ತಿತ್ತು.

ನಾವು ಹೋದದ್ದು ಜನವರಿಯಲ್ಲಿ, ಅರಬ್ಬಿ ಕಡಲು ಶಾಂತವಾಗಿರುವ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಆಗ ಇದೇ ಕಡಲು ಬೇರೆಯದೇ. ಗಾಡಿ ಆಗದವರು ಮೊದಲ ಪ್ರವಾಸವನ್ನು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ.

ಅಂಕ ಕೊಡಬೇಕೆಂದರೆ ಹಗಲಿಗೆ ಸಿನ್ನರಿಜಿನ್, ಐದಕ್ಕೆ ನಾಲ್ಕೂವರೆ. ರಾತ್ರಿಗೆ ಪ್ರೊಮೆಥಜಿನ್, ನಾಲ್ಕು. ಶುಂಠಿಗೆ ಮೂರೂವರೆ, ನಮ್ಮ ಗದ್ದೆಯದು ಅಂತ ಹೆಚ್ಚು ಹಾಕಿಲ್ಲ. ಪಟ್ಟಿಗೆ ಎರಡು. ಗುಳಿಗೆ ಯಾವುದೇ ಇರಲಿ, ಪ್ರವಾಸಕ್ಕೆ ಮೊದಲು ಊರಲ್ಲೇ ಒಂದು ಸಲ ತಗೊಂಡು ನೋಡಿ. ನಿಮ್ಮ ಮೈಗೆ ಎಷ್ಟು ನಿದ್ದೆ ಬರುತ್ತದೆ ಅನ್ನುವುದು ಕಡಲ ನಡುವೆ ಗೊತ್ತಾಗಬಾರದು. ಆಮೇಲೆ, ನೀರು ಎಷ್ಟೇ ಶಾಂತವಾಗಿ ಕಾಣಲಿ, ಹಡಗು ಹೊರಡುವ ಎರಡು ಗಂಟೆ ಮೊದಲು ಗುಳಿಗೆ ಹೊಟ್ಟೆಯಲ್ಲಿರಲಿ.

ವಾಪಸ್ ಬಂದು ಕೊಚ್ಚಿಯ ನೆಲಕ್ಕೆ ಕಾಲಿಟ್ಟರೆ ನೆಲವೇ ತೂಗುತ್ತಿತ್ತು. ಗಾಬರಿಯಾಗಬೇಡಿ, ಹಾಗೆ ಆಗುವುದುಂಟು. ನನಗೆ ಒಂದೂವರೆ ದಿನ ಇತ್ತು. ಮರುದಿನ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಕೂತಾಗಲೂ ಬೆಂಚು ನಿಧಾನವಾಗಿ ಮೇಲೆದ್ದು ಇಳಿದ ಹಾಗನಿಸಿತು. ಐದು ದೋಸೆ ತಿಂದೆ, ಐದು ದಿನದಿಂದ ಬಿಟ್ಟಿದ್ದ ಕಾಫಿಯನ್ನೂ ಕುಡಿದೆ.