ಮುಂದೆ ಹೋದವರು ಹೇಳಿದರೆ ಮಾತ್ರ: ವೇಗದ ಕ್ಯಾಮೆರಾ ಎಚ್ಚರಿಸುವ ಆ್ಯಪ್‌ನೊಂದಿಗೆ ಎರಡು ಮಳೆಗಾಲ

ಚಿಕ್ಕಮಗಳೂರಿನಿಂದ ಬೇಲೂರು, ಹಾಸನ, ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ಹೋಗುವಾಗ ಹಾಸನದವರೆಗೆ ಕಾರಿನ ವೇಗವನ್ನು ರಸ್ತೆಯೇ ನಿರ್ಧರಿಸುತ್ತದೆ; ಹಾಸನ ದಾಟಿ ರಾಷ್ಟ್ರೀಯ ಹೆದ್ದಾರಿ 75 ಹಿಡಿದ ಮೇಲೆ ಆ ಹೊಣೆ ಚಾಲಕನ ಬಲಗಾಲಿಗೆ ಬರುತ್ತದೆ. ನಾಲ್ಕು ಪಥದ ನುಣುಪು ರಸ್ತೆಯಲ್ಲಿ ಮುಳ್ಳು ನೂರನ್ನು ದಾಟಿದ್ದು ಗಮನಕ್ಕೇ ಬರುವುದಿಲ್ಲ. ವೇಗದ ಕ್ಯಾಮೆರಾಗಳನ್ನೂ ರಸ್ತೆಯ ಅಪಾಯಗಳನ್ನೂ ಮುಂಚಿತವಾಗಿ ತಿಳಿಸುವ, ಬಳಕೆದಾರರ ವರದಿಗಳನ್ನೇ ನೆಚ್ಚಿಕೊಂಡ ಆ್ಯಪ್ ಒಂದನ್ನು ನಾನು ಕಾರಿಗೆ ತಂದದ್ದು ಈ ಕಾರಣಕ್ಕೆ. ಎರಡು ಮಳೆಗಾಲ ಅದರೊಂದಿಗೆ ಓಡಾಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಆ್ಯಪ್‌ನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಮುಂದೆ ಹೇಳಲಿರುವ ಮುಖ್ಯ ದೋಷ ಈ ಬಗೆಯ ಎಲ್ಲ ಆ್ಯಪ್‌ಗಳಿಗೂ ಸಾಧನಗಳಿಗೂ ಹುಟ್ಟಿನಿಂದಲೇ ಬಂದದ್ದು.

ಯುರೋಪಿನಲ್ಲಿ ಇದಕ್ಕೆಂದೇ ಪ್ರತ್ಯೇಕ ಸಾಧನಗಳಿವೆ. ಡೆನ್ಮಾರ್ಕ್‌ನ ಊನೋ, ಸೇಫ್ ಕಂಪನಿಗಳ ಅಂಗೈಯಲ್ಲಿ ಅಡಗುವ ಗುಂಡು ಬಿಲ್ಲೆಗಳು ಬ್ಲೂಟೂತ್ ಮೂಲಕ ಫೋನಿಗೆ ಜೋಡಿಕೊಂಡು, ಕ್ಯಾಮೆರಾ ಹತ್ತಿರವಾದಾಗ ಸದ್ದು ಮಾಡಿ ದೀಪ ಮಿನುಗಿಸುತ್ತವೆ. ನಾವೇ ಏನಾದರೂ ಕಂಡರೆ ಬಿಲ್ಲೆಯನ್ನು ಒತ್ತಿದರಾಯಿತು, ಹಿಂದೆ ಬರುವವರಿಗೆ ಸುದ್ದಿ ಮುಟ್ಟುತ್ತದೆ. ಅದನ್ನು ಅಲ್ಲಿಂದ ತರಿಸುವುದು ನನ್ನ ಬಜೆಟ್ಟಿಗೆ ಒಗ್ಗುವ ಮಾತಾಗಿರಲಿಲ್ಲ. ತರಿಸಿದರೂ ಅದಕ್ಕೆ ಬೇಕಾದ ಮಾಹಿತಿಯನ್ನು ಬೇಲೂರು ರಸ್ತೆಯಲ್ಲಿ ಒದಗಿಸುವವರು ಯಾರು? ಹಾಗಾಗಿ ಮನೆಯಲ್ಲಿ ಮೂಲೆ ಸೇರಿದ್ದ ಹಳೆಯ ಫೋನನ್ನೇ ಈ ಕೆಲಸಕ್ಕೆ ಮೀಸಲಿಟ್ಟೆ. ಖರ್ಚಾದದ್ದು ಎ.ಸಿ. ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ಹಾಗೂ ಒಂದು ಉದ್ದನೆಯ ಚಾರ್ಜಿಂಗ್ ವೈರಿಗೆ ಮಾತ್ರ.

ಎ.ಸಿ. ಕಿಂಡಿ ಎಂದದ್ದಕ್ಕೆ ಕಾರಣವಿದೆ. ಮಧ್ಯಾಹ್ನದ ಹೊತ್ತು ಚನ್ನರಾಯಪಟ್ಟಣದ ಆಚೆ ಗಾಜಿನ ಮೂಲಕ ಬೀಳುವ ಬಿಸಿಲಿಗೆ ಡ್ಯಾಶ್‌ಬೋರ್ಡಿನ ಮೇಲಿಟ್ಟ ಫೋನು ಕಾದು, ಪರದೆಯನ್ನು ತಾನೇ ಮಂಕಾಗಿಸಿಕೊಳ್ಳುತ್ತದೆ. ಕಿಂಡಿಯ ಮುಂದಿಟ್ಟರೆ ಅದರ ಬೆನ್ನಿಗೆ ತಣ್ಣನೆಯ ಗಾಳಿ ಬೀಸುತ್ತಿರುತ್ತದೆ. ಹೊರಡುವ ಮುನ್ನ ಮನೆಯ ವೈಫೈ ತಲುಪುವಷ್ಟರಲ್ಲೇ ಕಾರನ್ನು ನಿಲ್ಲಿಸಿಕೊಂಡು ಆ್ಯಪ್ ತೆರೆಯುತ್ತೇನೆ, ದಾರಿಯನ್ನು ಪೂರ್ತಿ ಹಾಕಿ ನಕ್ಷೆ ಇಳಿಯುವವರೆಗೆ ಕಾಯುತ್ತೇನೆ, ನಂತರ ಕಿಸೆಯ ಫೋನಿನಿಂದ ಹಾಟ್‌ಸ್ಪಾಟ್ ಕೊಡುತ್ತೇನೆ. ಎಚ್ಚರಿಕೆಯ ಧ್ವನಿಯನ್ನು ಹಾಡಿನ ಧ್ವನಿಗಿಂತ ಒಂದು ಮೆಟ್ಟಿಲು ಮೇಲಿಟ್ಟು, "ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ" ಎನ್ನುವ ಮಾರ್ಗದರ್ಶನವನ್ನು ಮುಚ್ಚಿಬಿಡುತ್ತೇನೆ. ಹುಟ್ಟಿ ಬೆಳೆದ ಜಿಲ್ಲೆಯಲ್ಲಿ ದಾರಿ ಹೇಳಿಸಿಕೊಳ್ಳುವ ಅಗತ್ಯ ನನಗಿಲ್ಲ. ಈ ಸಿದ್ಧತೆ ಮುಗಿಯುವಷ್ಟರಲ್ಲಿ ನನ್ನ ಹೆಂಡತಿ ಫ್ಲಾಸ್ಕಿನ ಕಾಫಿಯೊಂದಿಗೆ ಪಕ್ಕದ ಸೀಟಿನಲ್ಲಿ ಕುಳಿತಿರುತ್ತಾಳೆ. ವರದಿಯ ಗುಂಡಿ ಒತ್ತುವ ಅಧಿಕಾರ ಅವಳದು, ಚಾಲಕನು ಪರದೆ ಮುಟ್ಟಬಾರದೆಂಬುದು ನಮ್ಮ ಮನೆಯ ಕಾನೂನು.

ಹೆದ್ದಾರಿಯಲ್ಲಿ ಈ ವ್ಯವಸ್ಥೆ ಮಾಡುವ ಕೆಲಸಕ್ಕೆ ನಾನು ನಿಜಕ್ಕೂ ಮಾರುಹೋಗಿದ್ದೇನೆ. ಕಂಬದ ಮೇಲೆ ಕಾಯಂ ಆಗಿರುವ ಕ್ಯಾಮೆರಾಗಳ ಸ್ಥಾನ ನಕ್ಷೆಯಲ್ಲೇ ಗುರುತಾಗಿರುತ್ತದೆ. ರಸ್ತೆ ಬದಿಯಲ್ಲಿ ನಿಂತು ವೇಗ ಅಳೆಯುವ ಇಂಟರ್‌ಸೆಪ್ಟರ್ ವಾಹನ, ಕೆಟ್ಟು ನಿಂತ ಲಾರಿ, ಅಪಘಾತ, ಕಾಮಗಾರಿ ಮುಂತಾದವು ಮಾತ್ರ ಮುಂದೆ ಹೋದವರ ವರದಿಯಿಂದ ಬರುತ್ತವೆ. ನಮ್ಮ ಜಿಪಿಎಸ್ ಸ್ಥಾನ, ಚಲಿಸುವ ದಿಕ್ಕು, ವೇಗ ಈ ಮೂರನ್ನೂ ಆ ಬಿಂದುವಿನೊಂದಿಗೆ ತಾಳೆ ನೋಡಿ ಆ್ಯಪ್ ಸದ್ದು ಮಾಡುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುವುದರಿಂದ, 500 ಮೀಟರ್ ಮೊದಲು ಬಂದ ಎಚ್ಚರಿಕೆ ಎಂದರೆ ಕೈಯಲ್ಲಿ 18 ಸೆಕೆಂಡು ಸಿಕ್ಕಂತೆ. ಬ್ರೇಕ್ ಒತ್ತದೆ ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ಇಳಿಸಲು ಅಷ್ಟು ಸಾಕು. ಹಿಂದಿನ ಲಾರಿಯವನಿಗೂ ಅದರಿಂದ ಗಾಬರಿಯಾಗುವುದಿಲ್ಲ. ಕ್ಯಾಮೆರಾ ಕಂಡ ಕೂಡಲೇ ಬ್ರೇಕ್ ತುಳಿಯುವವರ ಹಿಂದೆ ಹೋಗಿ ನೋಡಿದವರಿಗೆ ಈ 18 ಸೆಕೆಂಡಿನ ಬೆಲೆ ಗೊತ್ತಿರುತ್ತದೆ.

ಇದು ಪೊಲೀಸರ ಕಣ್ಣಿಗೆ ಮಣ್ಣೆರಚುವ ತಂತ್ರವಲ್ಲವೇ ಎಂದು ನನ್ನ ಭಾವನವರು ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದದ್ದೇ. ಜರ್ಮನಿಯಲ್ಲಿ ವಾಹನ ಓಡಿಸುವಾತ ಇಂಥ ಎಚ್ಚರಿಕೆಯನ್ನು ಬಳಸಿ ಸಿಕ್ಕಿಬಿದ್ದರೆ 75 ಯೂರೊ ದಂಡ. ಫ್ರಾನ್ಸ್‌ನಲ್ಲಿ ಕ್ಯಾಮೆರಾದ ಖಚಿತ ಜಾಗ ತೋರಿಸುವಂತಿಲ್ಲ, "ಅಪಾಯ ವಲಯ" ಎಂದು ಕೆಲವು ಕಿಲೋಮೀಟರ್ ಉದ್ದದ ಪಟ್ಟಿಯನ್ನಷ್ಟೇ ತೋರಿಸಬೇಕು. ನಮ್ಮಲ್ಲಿ ನಿಯಮದ ಧೋರಣೆಯೇ ಬೇರೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮದ ಪ್ರಕಾರ, ವೇಗದ ಕ್ಯಾಮೆರಾದಂಥ ಉಪಕರಣ ಕಣ್ಣಿಟ್ಟಿರುವ ರಸ್ತೆಯ ಮುಂಚೆಯೇ ಎದ್ದು ಕಾಣುವಂಥ ಎಚ್ಚರಿಕೆಯ ಫಲಕ ಹಾಕಿಸುವುದು ರಾಜ್ಯ ಸರ್ಕಾರದ ಹೊಣೆ. ಫಲಕ ಹೇಳಬೇಕಾದುದನ್ನೇ ಫೋನೂ ಹೇಳಿದರೆ ತಪ್ಪೇನೆಂದು ನಾನು ಉತ್ತರಿಸಿದೆ. ಭಾವನವರು ಪೂರ್ತಿ ಒಪ್ಪಲಿಲ್ಲ, ಕ್ಯಾಮೆರಾ ದಾಟಿದ ಮೇಲೆ ಮತ್ತೆ ವೇಗ ಏರಿಸುವವರ ಮಾತೇನು ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅತಿವೇಗಕ್ಕೆ 2019ರ ತಿದ್ದುಪಡಿಯ ನಂತರ ಕಾರಿನಂಥ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿವರೆಗೆ ದಂಡವಿದೆ. ಆ ಹಣಕ್ಕಿಂತಲೂ ಮನೆಗೆ ಬರುವ ನೋಟಿಸಿನಲ್ಲಿ ನಮ್ಮದೇ ಕಾರಿನ ಚಿತ್ರ ನೋಡುವ ಮುಜುಗರ ದೊಡ್ಡದು.

ಇಲ್ಲಿಯವರೆಗಿನದನ್ನು ಓದಿ ಯಾರಾದರೂ ಇದನ್ನು ಮಲೆನಾಡಿನ ರಸ್ತೆಗೆಂದು ಹಾಕಿಕೊಳ್ಳಹೊರಟರೆ, ದಯವಿಟ್ಟು ಮುಂದಿನದನ್ನೂ ಓದಬೇಕು.

ಹಾಸನದಿಂದ ಬೇಲೂರಿನ ಕಡೆ ತಿರುಗಿದ ಕೆಲವೇ ಹೊತ್ತಿಗೆ ಆ್ಯಪ್ ಸುಮ್ಮನಾಗುತ್ತದೆ. ಮೊದಮೊದಲು ನಾನಿದನ್ನು ಶುಭಲಕ್ಷಣವೆಂದುಕೊಂಡಿದ್ದೆ. ಕ್ಯಾಮೆರಾ ಇಲ್ಲ, ಅಪಾಯವೂ ಇಲ್ಲ, ಹಾಗಾಗಿ ಸದ್ದೂ ಇಲ್ಲ. ದಿನ ಕಳೆದಂತೆ ತಿಳಿದದ್ದೇನೆಂದರೆ, ಈ ಮೌನಕ್ಕೆ ಎರಡು ಅರ್ಥಗಳಿವೆ: ಮುಂದೆ ಏನೂ ಇಲ್ಲ ಎಂಬುದೊಂದು, ಮುಂದೆ ಏನಿದೆಯೆಂದು ಯಾರೂ ತಿಳಿಸಿಲ್ಲ ಎಂಬುದು ಇನ್ನೊಂದು. ಇವೆರಡನ್ನು ಬೇರ್ಪಡಿಸಿ ತೋರಿಸುವ ಯಾವ ಗುರುತೂ ಪರದೆಯ ಮೇಲಿಲ್ಲ. ಹೆದ್ದಾರಿಯಲ್ಲಿ ಪ್ರತಿ ನಿಮಿಷವೂ ಬಳಕೆದಾರನೊಬ್ಬ ಮುಂದೆ ಹೋಗಿರುವುದರಿಂದ ಅಲ್ಲಿನ ಮೌನವನ್ನು ಬಹುಮಟ್ಟಿಗೆ ನಂಬಬಹುದು. ಚಿಕ್ಕಮಗಳೂರಿನಿಂದ ಮಾಗಡಿ ಹ್ಯಾಂಡ್‌ಪೋಸ್ಟ್ ದಾಟಿ ಮೂಡಿಗೆರೆಗೆ ಹೋಗುವ ದಾರಿಯಲ್ಲಿ ನನ್ನ ಮುಂದೆ ಇರುವುದು ಎಸ್ಟೇಟಿನ ಜೀಪು, ಹಾಲಿನ ವ್ಯಾನು, ಸರ್ಕಾರಿ ಬಸ್ಸು. ಇವರಾರೂ ಈ ಆ್ಯಪ್ ಇಟ್ಟುಕೊಂಡವರಲ್ಲ. ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿಗೆ ಬರುವ ಬೆಂಗಳೂರಿನ ಕಾರುಗಳ ಪುಣ್ಯದಿಂದ ಕೈಮರದ ಸುತ್ತಮುತ್ತ ನಕ್ಷೆ ತುಸು ಜೀವ ಪಡೆಯುತ್ತದೆ. ಸೋಮವಾರ ಅದೂ ಆರಿಹೋಗುತ್ತದೆ.

ಘಟ್ಟಕ್ಕೆ ಇಳಿದರೆ ಇನ್ನೊಂದು ತೊಡಕು. ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಕಿಲ್ಲ, ಅದು ಉಪಗ್ರಹದಿಂದಲೇ ಸ್ಥಾನ ಕಂಡುಕೊಳ್ಳುತ್ತದೆ. ಆದರೆ ಇನ್ನೊಬ್ಬರ ವರದಿ ನಮಗೆ ತಲುಪಬೇಕಾದರೆ, ನಮ್ಮ ವರದಿ ಇನ್ನೊಬ್ಬರಿಗೆ ಹೋಗಬೇಕಾದರೆ ಇಂಟರ್ನೆಟ್ ಬೇಕೇ ಬೇಕು. ಶಿರಾಡಿಯಲ್ಲೂ ಚಾರ್ಮಾಡಿಯಲ್ಲೂ ನನ್ನ ಫೋನಿಗೆ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಎಲ್ಲಿ ಕಲ್ಲು ಉರುಳುತ್ತದೆಯೋ, ಎಲ್ಲಿ ಮಂಜು ಕವಿದು ಮುಂದಿನ ವಾಹನದ ಹಿಂದೀಪವೂ ಕಾಣದಾಗುತ್ತದೆಯೋ ಅಲ್ಲಿಯೇ ಸಂಪರ್ಕವೂ ಕಡಿದುಹೋಗುತ್ತದೆ. ಪರದೆಯ ಮೇಲೆ ನೀಲಿ ಬಾಣ ಮಾತ್ರ ಏನೂ ಆಗದಂತೆ ಮುಂದೆ ಸಾಗುತ್ತಿರುತ್ತದೆ. 2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲೆಯಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಸಂಚಾರ ನಿಂತಂಥ ಸಂದರ್ಭ ಮರುಕಳಿಸಿದರೆ, ಹಿಂದೆ ಬರುವವನಿಗೆ ಸುದ್ದಿ ಮುಟ್ಟಿಸಬೇಕಾದವನು ಸಿಗ್ನಲ್ ಇಲ್ಲದ ತಿರುವಿನಲ್ಲೇ ಸಿಕ್ಕಿಕೊಂಡಿರಬಹುದು. ನಾನಂತೂ ಮಳೆಗಾಲದಲ್ಲಿ ಮಂಗಳೂರಿಗೆ ಹೊರಡುವಾಗ ಆ್ಯಪ್ ನೋಡುವ ಮೊದಲು ಜಿಲ್ಲಾಡಳಿತದ ಆದೇಶ ಏನಿದೆಯೆಂದು ನೋಡುತ್ತೇನೆ, ಆಮೇಲೆ ಚಾರ್ಮಾಡಿ ಘಟ್ಟದ ಮೇಲ್ತುದಿಯ ಕೊಟ್ಟಿಗೆಹಾರದಲ್ಲಿ ಪರಿಚಯದವರಿಗೆ ಫೋನ್ ಮಾಡುತ್ತೇನೆ.

ಆನೆಯ ವಿಷಯಕ್ಕೆ ಬಂದರೆ ನನ್ನ ಅಸಮಾಧಾನ ಇನ್ನೂ ಹೆಚ್ಚು. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಕಾಫಿ ತೋಟದಿಂದ ತೋಟಕ್ಕೆ ದಾಟುವ ಆನೆಗಳು ರಸ್ತೆಯನ್ನೂ ದಾಟಲೇಬೇಕು. ಸಂಜೆಯ ನಂತರ ಈ ಭಾಗದ ಚಾಲಕನಿಗೆ ತಿಳಿಯಬೇಕಾದ ಅಪಾಯವೆಂದರೆ ಇದೇ. ನಾನು ಬಳಸುವ ಆ್ಯಪ್‌ನ ವರದಿಯ ಪಟ್ಟಿಯಲ್ಲಿ ಕ್ಯಾಮೆರಾ ಇದೆ, ಪೊಲೀಸ್ ಇದೆ, ರಸ್ತೆಯ ಗುಂಡಿ ಇದೆ, ಕೆಟ್ಟು ನಿಂತ ವಾಹನ ಇದೆ. ಒಂಟಿ ಸಲಗಕ್ಕೆ ಜಾಗವಿಲ್ಲ. "ರಸ್ತೆಯ ಮೇಲೆ ಅಡಚಣೆ" ಎಂದು ಒತ್ತಬಹುದು, ಆದರೆ ಹಿಂದೆ ಬರುವವನು ಅದನ್ನು ಬಿದ್ದ ಮರವೆಂದುಕೊಂಡು ಪಕ್ಕದಲ್ಲಿ ನುಗ್ಗಿಸಲು ನೋಡಿದರೆ ಗತಿಯೇನು? ಇದೇ ಊರುಗಳಲ್ಲಿ ಜನರಿಂದ ಜನರಿಗೆ ಎಚ್ಚರಿಕೆ ದಾಟಿಸುವ ಬೇರೊಂದು ಏರ್ಪಾಡು ಇದಕ್ಕಿಂತ ಚೆನ್ನಾಗಿ ನಡೆಯುತ್ತಿದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಹಿಂಡಿನ ಜಾಡು ಹಿಡಿದು ಮೊಬೈಲ್ ಸಂದೇಶ ಕಳಿಸುತ್ತಾರೆ. ಅದು ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವಾಗ ಯಾವ ಎಸ್ಟೇಟಿನ ಗೇಟು, ಯಾವ ಕೆರೆಯ ಏರಿ, ಮರಿ ಇದೆಯೇ ಎಂಬ ವಿವರಗಳೂ ಸೇರಿಕೊಳ್ಳುತ್ತವೆ. ಎದುರಿನಿಂದ ಬರುವ ಬಸ್ಸಿನವನು ಎರಡು ಸಲ ಹೆಡ್‌ಲೈಟ್ ಮಿನುಗಿಸಿ ಕೈ ಹೊರಹಾಕಿದರೆ, ಅದೂ ಈಗಷ್ಟೇ ಕಣ್ಣಾರೆ ಕಂಡು ಬಂದವನ ವರದಿಯೇ. ಈ ಮೂವರನ್ನು ನಂಬಿದಷ್ಟು ನಾನು ಆ್ಯಪನ್ನು ಬೇಲೂರಿನಿಂದ ಈಚೆಗೆ ನಂಬುವುದಿಲ್ಲ.

ಮೌನದ ದೋಷಕ್ಕೆ ತಿರುಗುಮುರುಗಾದ ಇನ್ನೊಂದು ದೋಷವೂ ಇದೆ, ಅದರ ಬೇರೂ ಅದೇ. ಒಂದು ವರದಿ ನಕ್ಷೆಯ ಮೇಲೆ ಎಷ್ಟು ಹೊತ್ತು ಉಳಿಯಬೇಕೆಂಬುದನ್ನು ನಂತರ ಬರುವವರು ತೀರ್ಮಾನಿಸುತ್ತಾರೆ. "ಇನ್ನೂ ಇದೆಯೇ?" ಎಂದು ಆ್ಯಪ್ ಕೇಳುತ್ತದೆ, ಹೌದೆಂದರೆ ಆಯುಸ್ಸು ಹೆಚ್ಚುತ್ತದೆ, ಇಲ್ಲವೆಂದವರು ಸಾಕಷ್ಟಾದರೆ ವರದಿ ಅಳಿಯುತ್ತದೆ. ಜನ ಕಡಿಮೆ ಇರುವ ರಸ್ತೆಯಲ್ಲಿ ಉತ್ತರಿಸುವವರೇ ಇಲ್ಲದೆ, ಬೆಳಿಗ್ಗೆ ತೆರವಾದ ಲಾರಿ ಮಧ್ಯಾಹ್ನದವರೆಗೂ ನಕ್ಷೆಯಲ್ಲಿ ನಿಂತೇ ಇರುತ್ತದೆ. ನನ್ನ ಹೆಂಡತಿಗೆ ಇಂಥ ಹಳಸಿದ ವರದಿಗಳನ್ನು ಅಳಿಸುವುದೆಂದರೆ ಬಲು ಸಂತೋಷ. ಬೇಲೂರು ರಸ್ತೆಯ ನಕ್ಷೆಯನ್ನು ತಾನೊಬ್ಬಳೇ ಗುಡಿಸಿ ಇಟ್ಟಿರುವುದಾಗಿ ಹೇಳಿಕೊಳ್ಳುತ್ತಾಳೆ. ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ಹೋಗುವಾಗ ಮುಖ್ಯ ರಸ್ತೆಯ ಕ್ಯಾಮೆರಾಕ್ಕೆ ಅದು ಕೂಗುವುದನ್ನು ಮಾತ್ರ ಯಾರೂ ಗುಡಿಸಲಾರರು. ಫೋನಿನ ಜಿಪಿಎಸ್‌ಗೆ ಕೆಲವು ಮೀಟರ್ ಆಚೀಚೆಯ ಎರಡು ರಸ್ತೆಗಳನ್ನು ಪ್ರತಿ ಬಾರಿಯೂ ಬೇರ್ಪಡಿಸಲು ಆಗುವುದಿಲ್ಲ.

ಹಂಪುಗಳ ಬಗ್ಗೆ ಎರಡು ಮಾತು. ಬಣ್ಣ ಹೋದ, ಫಲಕವಿಲ್ಲದ ಹಂಪು ರಾತ್ರಿ ಹೊತ್ತು ನನ್ನ ಹಳೆಯ ಕಾರಿನ ಹೊಟ್ಟೆಗೆ ಮಾಡುವ ಹಾನಿ ಕ್ಯಾಮೆರಾದ ದಂಡಕ್ಕಿಂತ ದುಬಾರಿ. ಹಂಪು ಎದ್ದುಹೋಗುವ ವಸ್ತುವಲ್ಲ, ಒಬ್ಬರು ಒಮ್ಮೆ ಗುರುತಿಸಿದರೆ ವರ್ಷಗಟ್ಟಲೆ ಎಲ್ಲರಿಗೂ ಉಪಯೋಗ. ನಮ್ಮ ಹಳ್ಳಿ ರಸ್ತೆಗಳಲ್ಲಿ ಮೊದಲು ತುಂಬಬೇಕಾಗಿದ್ದ ಈ ಮಾಹಿತಿಯೇ ನನ್ನ ಆ್ಯಪ್‌ನಲ್ಲಿ ತೀರಾ ವಿರಳ.

ಇಷ್ಟೆಲ್ಲ ದೂರಿದ ಮೇಲೂ ನಾನು ಅದನ್ನು ಕಾರಿನಿಂದ ತೆಗೆದಿಲ್ಲ. ಉಚಿತವಾಗಿ ಸಿಗುವ ವಸ್ತುವಿಗೆ ಹಳೆಯ ಫೋನೊಂದನ್ನು ಒಪ್ಪಿಸಿದ್ದು ನಷ್ಟದ ವ್ಯವಹಾರವೆನಿಸಿಲ್ಲ. ತಿಂಗಳ ಶುಲ್ಕ ಕೇಳಿದರೆ ಮಾತ್ರ ಕೊಡುವುದಿಲ್ಲ, ಏಕೆಂದರೆ ನನ್ನ ಓಡಾಟದ ಬಹುಪಾಲು ಮೂಡಿಗೆರೆಯ ಕಡೆಗೆ. ಹಾಸನದಲ್ಲಿದ್ದುಕೊಂಡು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗುವವರಾದರೆ ಲೆಕ್ಕ ಬೇರೆಯಾಗುತ್ತದೆ, ಅವರು ಇಂದೇ ಹಾಕಿಕೊಳ್ಳಬಹುದು. ತಯಾರಕರು ಒಂದು ತಿದ್ದುಪಡಿ ಮಾಡುವುದಾದರೆ, ಈ ರಸ್ತೆಯಲ್ಲಿ ಕೊನೆಯ ಬಳಕೆದಾರ ಎಷ್ಟು ಹೊತ್ತಿನ ಹಿಂದೆ ಹೋದನೆಂಬುದನ್ನು ಪರದೆಯ ಮೂಲೆಯಲ್ಲಿ ತೋರಿಸಲಿ. ಹತ್ತು ನಿಮಿಷದ ಹಿಂದೆ ಎಂದಿದ್ದರೆ ಮೌನವನ್ನು ನಂಬುತ್ತೇನೆ, ನಿನ್ನೆ ಎಂದಿದ್ದರೆ ತಿರುವಿಗೆ ಮೊದಲೇ ಹಾರ್ನ್ ಹೊಡೆದು ಮೂರನೇ ಗೇರಿಗೆ ಇಳಿಸುತ್ತೇನೆ. ಅಲ್ಲಿಯವರೆಗೆ ಮಾಗಡಿ ಹ್ಯಾಂಡ್‌ಪೋಸ್ಟ್ ಬಂದ ಕೂಡಲೇ ಹೆಂಡತಿ ಆ್ಯಪ್ ಮುಚ್ಚಿ, ಅದೇ ಫೋನಿನಲ್ಲಿ ಬೆಳೆಗಾರರ ಗುಂಪಿನ ಸಂದೇಶಗಳನ್ನು ಓದಿ ಹೇಳುವ ಪದ್ಧತಿ ಮುಂದುವರಿಯುತ್ತದೆ.