ಐಟಿ ಪೋರ್ಟಲ್‌ನ ತೆರಿಗೆ ಕ್ಯಾಲ್ಕುಲೇಟರ್: ಇನ್‌ಕ್ರಿಮೆಂಟ್ ಮಾತುಕತೆಗೆ ಎಷ್ಟು ಉಪಯೋಗ?

ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿರುವ ಈ ಕ್ಯಾಲ್ಕುಲೇಟರ್‌ಗೆ ಲಾಗಿನ್ ಬೇಡ, ದುಡ್ಡೂ ಇಲ್ಲ. ಹಳೆ, ಹೊಸ ಪದ್ಧತಿಗಳ ತೆರಿಗೆಯನ್ನು ಅಕ್ಕಪಕ್ಕ ತೋರಿಸುತ್ತದೆ. 2025-26ರ ಸಂಬಳಕ್ಕೆ ಅಸೆಸ್‌ಮೆಂಟ್ ವರ್ಷ (ಆ ಸಂಬಳದ ತೆರಿಗೆ ಲೆಕ್ಕ ಹಾಕುವ ಮುಂದಿನ ವರ್ಷ) 2026-27 ಎಂದೇ ಆರಿಸಿ; ಒಂದು ವರ್ಷ ಹಿಂದೆ ಸರಿದರೆ ಹಿಂದಿನ ವರ್ಷದ ಸ್ಲ್ಯಾಬ್ (ಆದಾಯದ ಹಂತಗಳ ತೆರಿಗೆ ದರ) ಬಂದು ಲೆಕ್ಕವೆಲ್ಲ ಕೆಡುತ್ತದೆ. ಹೊಸ ಪದ್ಧತಿಯ ತೆರಿಗೆಗೊಳಪಡುವ ಆದಾಯದ ಸಾಲಿನಲ್ಲಿ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆ ನೇರವಾಗಿ ಸಿಗುವ ಕಡಿತ) ಕಳೆದಿದೆಯೇ ನೋಡಿ. ಇಲ್ಲದಿದ್ದರೆ ನೀವೇ ಕಳೆದು ತುಂಬಿ.

ಹೊಸ ಪದ್ಧತಿಯಲ್ಲಿ ಸಂಬಳ 12.75 ಲಕ್ಷ ಹಾಕಿದರೆ ತೆರಿಗೆ ಸೊನ್ನೆ. 13 ಲಕ್ಷ ಹಾಕಿ: ಸ್ಲ್ಯಾಬ್ ಪ್ರಕಾರ 63,750 ಆಗಬೇಕಿದ್ದದ್ದು, ಮಿತಿಯ ಮೇಲೆ ಗಳಿಸಿದ್ದಕ್ಕಿಂತ ತೆರಿಗೆ ಹೆಚ್ಚಾಗದಂತೆ ತಡೆಯುವ ಮಾರ್ಜಿನಲ್ ರಿಲೀಫ್‌ನಿಂದ 25,000ಕ್ಕೆ ಇಳಿಯುತ್ತದೆ, 4% ಸೆಸ್ ಸೇರಿ 26,000. ಅಂದರೆ 25,000 ಇನ್‌ಕ್ರಿಮೆಂಟ್ ಪೂರ್ತಿ ಹೋಗಿ, ಮೇಲೆ ಸಾವಿರ ರೂಪಾಯಿ ಕೈಯಿಂದಲೇ! (ಉತ್ತರ 66,300 ಬಂದರೆ ರಿಲೀಫ್ ಸೇರಿಲ್ಲ ಎಂದರ್ಥ.) ಸಂಬಳ ಸುಮಾರು 13.49 ಲಕ್ಷ ದಾಟುವವರೆಗೂ ಇದೇ ಪಾಡು. ಇದನ್ನು ಕ್ಯಾಲ್ಕುಲೇಟರ್ ಬಾಯಿಬಿಟ್ಟು ಹೇಳುವುದಿಲ್ಲ. ಮೊತ್ತ ಬದಲಿಸುತ್ತಾ ನೀವೇ ಹಿಡಿಯಬೇಕು.

ಈ ಎರಡು ಮೊತ್ತಗಳ ನಡುವೆ ಸಿಕ್ಕಿಕೊಂಡವರು ಏರಿಕೆಯನ್ನು ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆ) ಕಂಪನಿಯ ವಂತಿಗೆಯಾಗಿ ಕೇಳುವುದು ಲೇಸು. ಬೇಸಿಕ್‌ನ (ಮೂಲ ವೇತನದ) 14%ವರೆಗೆ ಹೊಸ ಪದ್ಧತಿಯಲ್ಲೂ ವಿನಾಯಿತಿ ಇದೆ. ಬೇಸಿಕ್ ತಿಂಗಳಿಗೆ 50,000 ಇದ್ದರೆ ವರ್ಷಕ್ಕೆ 84,000. ಬೇಗ ಕೈಗೆ ಸಿಗುವ ದುಡ್ಡಲ್ಲ, ಅಷ್ಟು ನೆನಪಿರಲಿ.

ಕುತೂಹಲಕ್ಕೆ ತೆರಿಗೆಗೊಳಪಡುವ ಆದಾಯ 6 ಕೋಟಿ ಎಂದು ಕೊಟ್ಟು ನೋಡಿ. ಹಳೆ ಪದ್ಧತಿಯಲ್ಲಿ 37% ಸರ್‌ಚಾರ್ಜ್ (ತೆರಿಗೆಯ ಮೇಲಿನ ಹೆಚ್ಚುವರಿ ತೆರಿಗೆ), ಸೆಸ್ ಎಲ್ಲ ಸೇರಿ 2.54 ಕೋಟಿ, ಹೊಸದರಲ್ಲಿ 25% ಸರ್‌ಚಾರ್ಜ್‌ನಿಂದ 2.29 ಕೋಟಿ. ಪದ್ಧತಿ ಬದಲಿಸಿದ ಮಾತ್ರಕ್ಕೆ 25 ಲಕ್ಷ ಉಳಿತಾಯ.

ಕಂಪನಿ ತೆರಿಗೆಯ ಪರಿಣಾಮ ಮಾತ್ರ ಇಲ್ಲಿ ಕಾಣಿಸದು. 2019ರಲ್ಲಿ ವಿನಾಯಿತಿ ಬಿಟ್ಟುಕೊಟ್ಟ ಕಂಪನಿಗಳ ದರ 22%ಕ್ಕೆ ಇಳಿಯಿತು. ಲಾಭ ಹೆಚ್ಚಿದರೆ ಕೆಲಸ, ಸಂಬಳವೂ ಹೆಚ್ಚೀತು ಎಂಬ ವಾದ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ: 2024-25ರ ಆರ್ಥಿಕ ಸಮೀಕ್ಷೆಯ ಪ್ರಕಾರ 2023-24ರಲ್ಲಿ ಕಾರ್ಪೊರೇಟ್ ಕಂಪನಿಗಳ ಲಾಭ 22.3% ಏರಿದರೆ ಉದ್ಯೋಗ ಏರಿದ್ದು 1.5%. ಲಾಭಕ್ಕೆ ತೆರಿಗೆಯೊಂದೇ ಕಾರಣವಲ್ಲ, ನಿಜ. ನಿಮ್ಮ ಕಂಪನಿ ಷೇರುಪೇಟೆಯಲ್ಲಿದ್ದರೆ ವಾರ್ಷಿಕ ವರದಿ ತೆಗೆದು 2018-19ರಿಂದ ಈಚೆಗೆ ‘ನೌಕರರ ವೆಚ್ಚ’ ಮತ್ತು ‘ತೆರಿಗೆ ನಂತರದ ಲಾಭ’ ಎರಡೂ ಸಾಲು ಹೋಲಿಸಿ; ಆ ಹಾಳೆ ಹಿಡಿದೇ ಎಚ್‌ಆರ್ ಹತ್ತಿರ ಹೋಗಿ.