ಬಿಎಂ12 ಇಲಿ ತಳಿ: ದೀರ್ಘಕಾಲೀನ ನಿರಾಕರಣೆಯ ಅಧ್ಯಯನಕ್ಕೆ ಎಷ್ಟು ಉಪಯುಕ್ತ?

ಕಸಿ ಮಾಡಿದ ಹೃದಯವು ಆರಂಭದ ತೀವ್ರ ನಿರಾಕರಣೆಯಿಂದ (ಕಸಿಯ ಮೇಲೆ ದೇಹದ ರಕ್ಷಣಾ ವ್ಯವಸ್ಥೆ ನಡೆಸುವ ದಾಳಿಯಿಂದ) ಪಾರಾದರೂ, ವರ್ಷಗಳು ಕಳೆದಂತೆ ಅದರ ಕರೋನರಿ ಅಪಧಮನಿಗಳ ಒಳಪದರವು ನಯಸ್ನಾಯು ಕೋಶಗಳಿಂದ ದಪ್ಪವಾಗಿ ರಕ್ತದ ದಾರಿ ಕಿರಿದಾಗುತ್ತದೆ. ದೀರ್ಘಕಾಲೀನ ನಿರಾಕರಣೆಯ ಈ ರೋಗವನ್ನು ಪ್ರಯೋಗಾಲಯದಲ್ಲಿ ಮೂಡಿಸಲು, ಅಮೆರಿಕದ ಜ್ಯಾಕ್ಸನ್ ಲ್ಯಾಬೊರೇಟರಿ ಒದಗಿಸುವ ಬಿಎಂ12 ತಳಿಯ ಹೃದಯವನ್ನು ಸಿ57ಬಿಎಲ್/6 ಎಂಬ ಇನ್ನೊಂದು ತಳಿಯ ಇಲಿಗೆ ಕಸಿ ಮಾಡುವ ಮಾದರಿಯು ನನ್ನ ದೃಷ್ಟಿಯಲ್ಲಿ ಅತ್ಯಂತ ಅಚ್ಚುಕಟ್ಟಾದದ್ದು. ಇವೆರಡರ ನಡುವಿನ ಮುಖ್ಯ ವ್ಯತ್ಯಾಸವು ಎರಡನೇ ವರ್ಗದ ಒಂದು ಎಂಎಚ್‌ಸಿ ಪ್ರೋಟೀನಿನ (ತನ್ನದು-ಪರಕೀಯವೆಂದು ಗುರುತಿಸಲು ರಕ್ಷಣಾ ವ್ಯವಸ್ಥೆಗೆ ನೆರವಾಗುವ, ಕೋಶದ ಮೇಲಿನ ಪ್ರೋಟೀನ್) 3 ಅಮೈನೋ ಆಮ್ಲಗಳಷ್ಟೇ. ಆದ್ದರಿಂದ, ಎಂಎಚ್‌ಸಿ ಪೂರ್ತಿ ಬೇರೆಯಾಗಿರುವ ಬಾಲ್ಬ್/ಸಿ ತಳಿಯ ಇಲಿಯ ಹೃದಯವು ಒಂದು ವಾರದ ಆಸುಪಾಸಿನಲ್ಲೇ ನಿಂತುಹೋಗುವ ಕಡೆ, ಬಿಎಂ12 ಹೃದಯವು ಯಾವ ಔಷಧವಿಲ್ಲದೆಯೂ ವಾರಗಟ್ಟಲೆ ಮಿಡಿಯುತ್ತಾ ನಾಳರೋಗವನ್ನು ಬೆಳೆಸಿಕೊಳ್ಳುತ್ತದೆ.

ಆದರೆ ತಳಿ ಕೊಂಡ ಮಾತ್ರಕ್ಕೆ ಕೆಲಸವಾಗದು. ಸಂಶೋಧಕ ಕಾರಿ ಮತ್ತು ಸಂಗಡಿಗರು 1973ರಲ್ಲಿ ವಿವರಿಸಿದ ವಿಧಾನದಂತೆ, ಸೂಕ್ಷ್ಮದರ್ಶಕದಡಿ ಕೂದಲಿಗಿಂತ ತೆಳುವಾದ ದಾರದಿಂದ ದಾನಿಯ ಮಹಾಪಧಮನಿಯನ್ನು ಸ್ವೀಕರ್ತನ ಹೊಟ್ಟೆಯ ಮಹಾಪಧಮನಿಗೂ, ಶ್ವಾಸಕೋಶದ ಅಪಧಮನಿಯನ್ನು ಕೆಳ ಮಹಾಸಿರೆಗೂ ಹೊಲಿಯಬೇಕು. ನುರಿತ ಕೈಯಿಲ್ಲದ ಪ್ರಯೋಗಾಲಯಕ್ಕೆ ಇದು ದುಬಾರಿ ಹವ್ಯಾಸವಷ್ಟೇ. ಹೊಟ್ಟೆಯಲ್ಲಿರುವ ಹೃದಯವು ಮಿಡಿದರೂ ದೇಹಕ್ಕೆ ರಕ್ತ ಪೂರೈಸುವ ಹೊರೆ ಹೊರುವುದಿಲ್ಲ ಎಂಬುದು ದೊಡ್ಡ ಕೊರತೆ. ಶುಚಿಯಾದ ಪಂಜರದಲ್ಲಿ ಬೆಳೆದ ಇಲಿಗಳಿಗೆ ಮನುಷ್ಯರಷ್ಟು ಸ್ಮರಣ ಟಿ ಕೋಶಗಳೂ (ಹಿಂದೆ ಎದುರಿಸಿದ ಪರಕೀಯ ವಸ್ತುಗಳನ್ನು ನೆನಪಿಟ್ಟುಕೊಳ್ಳುವ ರಕ್ಷಣಾ ಕೋಶಗಳು) ಇರುವುದಿಲ್ಲ. ಪ್ರಶ್ನೆ ನಾಳದ ಗೋಡೆಗಷ್ಟೇ ಸೀಮಿತವಾಗಿದ್ದರೆ, ಮಹಾಪಧಮನಿಯ ತುಂಡನ್ನು ಕಸಿ ಮಾಡುವ ಮಾದರಿಯನ್ನೇ ನಾನು ಸೂಚಿಸುತ್ತೇನೆ.